ಕಾಲಿಗೆ ತಗುಲಿದ ಹಾಳೆ

ಹಳೆಯ ಮಹಾಕಾವ್ಯಕ್ಕೆ ಮೂರು ಸಂಪುಟ ವ್ಯಾಖ್ಯಾನ ಬರೆದ ವಿದ್ವಾಂಸರು ಕರೆಯದಿದ್ದರೂ ಪ್ರದರ್ಶನಕ್ಕೆ ಬಂದಿದ್ದರು. ಕಲಾವಿದೆ ಅದೇ ಕಾವ್ಯದ ಪದ್ಯಗಳನ್ನು ಹರಕು ಸೀರೆ, ತುಕ್ಕು ಹಿಡಿದ ತಂತಿಯ ಜೊತೆ ಅಂಟಿಸಿ ಗೋಡೆ ತುಂಬಾ ಚಿತ್ರ ಮಾಡಿದ್ದಳು. ಅದನ್ನಾದರೂ ಸಹಿಸಬಹುದಿತ್ತು, ಅಚ್ಚಾದ ಹಾಳೆಗಳನ್ನು ನೆಲಕ್ಕೂ ಹಾಸಿದ್ದಳು! ಜನ ತುಳಿದುಕೊಂಡೇ ಓಡಾಡುತ್ತಿದ್ದರು.

ತಮ್ಮ ಕಾಲಿಗೂ ಒಂದು ಹಾಳೆ ತಗುಲಿದ್ದೇ ತಡ, ವಿದ್ವಾಂಸರು ಅದನ್ನೆತ್ತಿ ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು.

“ಸರಸ್ವತಿಯನ್ನ ತುಳಿಸ್ತಿದ್ದೀಯಲ್ಲಮ್ಮಾ! ಈ ಕಾವ್ಯದ ಒಂದೊಂದು ಅಕ್ಷರವೂ ನನಗೆ ಬಾಯಿಪಾಠ, ಗೊತ್ತಾ?”

“ಗೊತ್ತು ಸಾರ್. ಕಾವ್ಯಾನ ಒಂದಕ್ಷರ ಬಿಡದೆ ಗೋಡೆ ಮೇಲೇ ಇಟ್ಟಿದ್ದೀನಿ.”

“ಮತ್ತೆ ಇದೇನು?” ವಿದ್ವಾಂಸರು ಹಾಳೆಯನ್ನು ಅವಳ ಮುಖಕ್ಕೆ ಹಿಡಿದರು.

“ಅದು ನಿಮ್ಮ ವ್ಯಾಖ್ಯಾನ ಸಾರ್.”