ಹದಿನೇಳನೇ ನಂಬರಿನ ಬಾವಿ

ಜಲಜ ಖಾಲಿ ಕೊಡಪಾನವನ್ನು ಸೊಂಟದಲ್ಲಿಟ್ಟುಕೊಂಡೇ ಪಂಚಾಯ್ತಿ ಕಚೇರಿಯ ಮೆಟ್ಟಿಲು ಹತ್ತಿದಳು. ನಲ್ಲಿ ಒಣಗಿ ತಿಂಗಳಾಗಿತ್ತು, ಬಾವಿಕಟ್ಟೆ ಕೇರಿಯ ಆರು ಮನೆಗಳಿಗೆ ಟ್ಯಾಂಕರ್ ನಿಂತು ಒಂಬತ್ತು ದಿನ. ಬೈಂದೂರಿನಲ್ಲಿ ಮೀನು ಮಾರಿ ಬಂದವಳಿಗೆ ಕೈ ತೊಳೆಯಲೂ ನೀರಿರಲಿಲ್ಲ. ಅದೇ ಕೈಯನ್ನು ಗುಮಾಸ್ತ ಸುಧೀರನ ಮೇಜಿನ ಮೇಲೆ ಊರಿ ನಿಂತಳು.

"ಹ್ವಾಯ್ ಸುಧೀರಣ್ಣ, ನಮ್ ಕೇರಿಗೆ ಟ್ಯಾಂಕರ್ ಎಂತಕ್ಕೆ ಬತ್ತಿಲ್ಲ?"

"ಹೊಸ ಪಟ್ಟಿಯಲ್ಲ್ ನಿಮ್ ಕೇರಿ ಇಲ್ಲ ಜಲಜಕ್ಕ. ಒಳ್ಳೆ ಬಾವಿ ಇಪ್ಪ ಕೇರಿಗೆ ಟ್ಯಾಂಕರ್ ಕಳ್ಸುಕಿಲ್ಲ ಅಂದೇಳಿ ಮೇಲಿಂದ ಆರ್ಡರ್."

"ನಮ್ಗೆ ಬಾವಿ ಎಲ್ಲಿತ್ತ್ ಮಾರಾಯ್ರೆ?"

ಸುಧೀರ ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. ಅವನ ದನಿಯಲ್ಲಿ ಹೆಮ್ಮೆಯೇ ಇತ್ತು. "ಕಾಣಿ. ಎಂತದನ್ನೂ ಮುಚ್ಚಿಟ್ಟದ್ದಿಲ್ಲ. ದುಬೈಲಿ ಕೂತವ್ರಿಗೂ ನಮ್ಮೂರ ಬಾವಿ ಕಾಂಬುಕ್ ಆತ್ತ್. ಹದಿನೇಳನೇ ನಂಬ್ರ, ಬಾವಿಕಟ್ಟೆ ಬಾವಿ. ಹನ್ನೆರ್ಡ್ ಅಡಿ ನೀರ್, ಸಿಹಿ. ಈ ತಿಂಗ್ಳ್ ಮೂರನೇ ತಾರೀಕ್ ಪರೀಕ್ಷೆ ಆಯಿತ್ತ್."

"ದುಬೈಲಿ ಕೂತವ್ರಿಗ್ ಕಾಂತ್ತ್, ಪಕ್ಕದ್ ಮನಿಲಿಪ್ಪ ನಂಗ್ ಕಾಂತಿಲ್ಲ. ಅಲ್ದಾ?"

ಹೆದ್ದಾರಿ ಅಗಲವಾಗುವಾಗ, ಮೂರು ವರ್ಷದ ಹಿಂದೆಯೇ, ಆ ಬಾವಿಗೆ ಕೆಂಪುಮಣ್ಣು ತುಂಬಿಸಿಯಾಗಿತ್ತು. ಈಗ ಅದರ ಮೇಲೆ ಬಸ್ಸು ನಿಲ್ಲುತ್ತದೆ.

"ನೀವ್ ದಿನಾ ಬೆಳಿಗ್ಗೆ ಬಸ್ಸಿಂದ ಇಳುದೇ ಅದ್ರ ತಲೆ ಮೇಲೆ," ಎಂದಳು ಜಲಜ. "ಬಾವಿ ಇಲ್ದಿದ್ದದ್ದ್ ನಿಮ್ಗ್ ಗೊತ್ತಿಲ್ಯಾ?"

ಸುಧೀರ ಆಚೀಚೆ ನೋಡಿ ದನಿ ತಗ್ಗಿಸಿದ. "ಗೊತ್ತಿತ್ತ್ ಅಕ್ಕ. ತಿಂಗ್ಳ್ ತಿಂಗ್ಳ್ ಬಾವಿ ಲೆಕ್ಕ ತುಂಬ್ಸದಿದ್ರೆ ಜಿಲ್ಲೆ ಪಟ್ಟಿಯಲ್ಲ್ ನಮ್ ಪಂಚಾಯ್ತಿ ಹೆಸ್ರ್ ಕೆಂಪ್ ಆತ್ತ್. ಪಟ್ಟಿಯಿಂದ ಬಾವಿ ಹೆಸ್ರ್ ತೆಗುಕೆ ನಂಗ್ ಬಟನ್ನೇ ಇಲ್ಲ, ಜಿಲ್ಲೆಯಿಂದ ಆಯ್ಕ್." ಅವನ ತಲೆಯ ಮೇಲೆ ಗೋಡೆಯಲ್ಲಿ ಕಟ್ಟು ಹಾಕಿಸಿದ ಪ್ರಶಸ್ತಿಪತ್ರ ತೂಗುತ್ತಿತ್ತು: 'ಪಾರದರ್ಶಕ ಪಂಚಾಯ್ತಿ'. "ನೀವೊಂದ್ ಅರ್ಜಿ ಕೊಡಿ. ಬಾವಿ ಇಲ್ಲ ಅಂಬುಕೆ ಒಂದ್ ಪುರಾವೆ ಇಡಿ."

"ಇಲ್ಲದ್ದಕ್ಕೆ ಪುರಾವೆ ನಾನ್ ಎಲ್ಲಿಂದ ತಪ್ಪುದ್? ಇತ್ತ್ ಅಂಬುಕೆ ನಿಮ್ ಹತ್ರ ಎಂತ ಇತ್ತ್?"

"ಫೋಟೊ ಇತ್ತಲೆ," ಎಂದು ಸುಧೀರ ಮೌಸು ಒತ್ತಿದ.

ಜಲಜ ಬಗ್ಗಿ ನೋಡಿದಳು. ಬಾವಿಯ ಕಟ್ಟೆಗೆ ಚೆಂಡುಹೂವಿನ ಮಾಲೆ. ಅದು ವರ್ಷಕ್ಕೊಮ್ಮೆ, ದೀಪಾವಳಿಗೆ ನೀರು ತುಂಬುವ ಸಂಜೆ ಮಾತ್ರ ಹಾಕುತ್ತಿದ್ದ ಮಾಲೆ. ಪಕ್ಕದಲ್ಲಿ ಹಗ್ಗ ಹಿಡಿದು ನಿಂತವನು ಅವಳ ಗಂಡ ಬಚ್ಚ. ಅವತ್ತು, ಸರ್ಕಾರಕ್ಕೆ ಹೋಗುವ ಫೋಟೊ ಎಂದು ಸುಧೀರ ಹೇಳಿದ್ದಕ್ಕೆ ಒಳಗೆ ಓಡಿ ಅಂಗಿ ತೊಟ್ಟು ಬಂದಿದ್ದ. ಅವಸರದಲ್ಲಿ ಗುಂಡಿ ಒಂದು ಮೇಲೊಂದು ಕೆಳಗಾಗಿತ್ತು.

"ಹಿಂದಿನ್ ತಿಂಗ್ಳದ್ ತೋರ್ಸಿ."

ಅದೇ ಮಾಲೆ, ಅದೇ ಬಚ್ಚ, ಅದೇ ತಪ್ಪಿದ ಗುಂಡಿ.

"ಕಳ್ದ್ ಆಸಾಡಿದ್ದ್?"

ಊರೆಲ್ಲ ಜಡಿಮಳೆ ಹಿಡಿದ ಆಷಾಢದಲ್ಲೂ ಅವನ ಅಂಗಿ ಒದ್ದೆಯಾಗಿರಲಿಲ್ಲ. ಹೂವು ಬಾಡಿರಲಿಲ್ಲ.

ಜಲಜ ಪರದೆಯಿಂದ ಕಣ್ಣು ಕಿತ್ತು ಸುಧೀರನತ್ತ ತಿರುಗಿದಳು. ಆಮೇಲೆ ಆಡಿದ ಮಾತಿನಲ್ಲಿ ಏರುದನಿ ಇರಲಿಲ್ಲ. "ನಮ್ ಮನಿಯವ್ರ್ ತೀರ್ಕಂಡ್ ನಾಕ್ ವರ್ಷ. ರೇಷನ್ ಕಾರ್ಡಿಂದ ಹೆಸ್ರ್ ತೆಗುಕೆ ಇದೇ ಮೇಜಲ್ಲ್ ಕೂತ್ ಅರ್ಜಿ ಬರ್ದದ್ದ್ ನೀವೇ. ಮುಂದಿನ್ ತಿಂಗ್ಳೇ ಅವ್ರ್ ಪಾಲಿನ್ ಅಕ್ಕಿ ನಿಂತಿತ್. ಅದ್ಕೆ ನಿಮ್ಗ್ ಬಟನ್ ಸಿಕ್ಕಿತ್ತಾ?"

ಸುಧೀರ ಮೌಸಿನ ಮೇಲಿಂದ ಕೈ ತೆಗೆದ.

"ಅಕ್ಕಿ ಕೊಡುಕಾರೆ ಅವ್ರ್ ಸತ್ತವ್ರ್. ನೀರ್ ಸೇದುಕಾರೆ ಬದ್ಕಿದವ್ರ್. ಎಂತ ಲೆಕ್ಕ ಸುಧೀರಣ್ಣ ಇದ್?"

"ನಾನ್ ಬರೀ ತುಂಬ್ಸುವವ ಅಕ್ಕ..."

"ಹೌದಾ? ಹಂಗಾರೆ ಇದನ್ನೂ ತುಂಬ್ಸಿ." ಅವಳು ಕೊಡಪಾನವನ್ನು ಸೊಂಟದಿಂದಿಳಿಸಿ ಕಂಪ್ಯೂಟರಿನ ಎದುರಿಗೇ ಇಟ್ಟಳು. "ನಿಮ್ಗ್ ಪುರ್ಸೊತ್ತಿಲ್ದಿದ್ರೆ ಅವ್ರಿಗೇ ಹೇಳಿ. ಹೆಂಗೂ ಹಗ್ಗ ಹಿಡ್ಕಂಡೇ ನಿಂತಿದ್ರ್. ನಾನ್ ಹೊತ್ತ್ ಕಂತುದ್ರೊಳ್ಗೆ ಬತ್ತೆ."

ಅವಳು ಮೆಟ್ಟಿಲಿಳಿದು ಹೋದಳು. ಸುಧೀರ ಕೊಡಪಾನವನ್ನು ಸರಿಸಲು ಕೈ ಚಾಚಿದವನು ಹಾಗೇ ಹಿಂದೆಗೆದ. ಅದರ ಒಣಗಿದ ಬಾಯಿಯ ಮೇಲೆ, ಪರದೆಯಲ್ಲಿ, ಬಚ್ಚ ಹಗ್ಗ ಹಿಡಿದು ನಗುತ್ತಲೇ ಇದ್ದ.