ಜಪಾನಿನ ಕುಸ್ತಿ

ಟಿವಿಯಲ್ಲಿ ಅಂಗಾತ ಬಿದ್ದವನು ತಾನೇ ಎಂದು ನಂಬಲು ಉಚ್ಚಂಗೆಪ್ಪನಿಗೆ ತುಸು ಹೊತ್ತು ಹಿಡಿಯಿತು. ಕರಿ ಮೈ, ಕೆಂಪು ಲಂಗೋಟಿ, ಹರೆಯದ ಹುರಿ ಮೀಸೆ. ಮಗ ಕ್ರಾಂತಿಕುಮಾರ ಹಳೆಯ ಫೋಟೋ ನೋಡಿ ತಾನೇ ಮಾಡಿದ ಗೊಂಬೆ. ಜಪಾನಿನಿಂದ ತರಿಸಿದ, ಟಿವಿಗೆ ಹಚ್ಚಿ ಆಡುವ ಕುಸ್ತಿಯ ವಿಡಿಯೋ ಆಟವಂತೆ. ಅದರ ಜಪಾನಿ ಅಕ್ಷರ ಒಂದೂ ಮಗನಿಗೆ ಬಾರದು. ಯಾವ ಸಾಲು ಒತ್ತಿದರೆ ಏನಾಗುತ್ತದೆಂದು ಬಾಯಿಪಾಠ ಮಾಡಿಕೊಂಡಿದ್ದಾನೆ. ನಿನ್ನೆ ಅಪ್ಪ ಬಸ್ಸಿಳಿದು ಬಂದು ಇನ್ನೂ ನೀರು ಕುಡಿದಿರಲಿಲ್ಲ, ಹಿಡಿದು ಕೂರಿಸಿ ತೋರಿಸಿದ್ದ. ಗೊಂಬೆ ಉಚ್ಚಂಗೆಪ್ಪ ಜಪಾನಿನ ಜಟ್ಟಿಗಳನ್ನು ಎತ್ತೆತ್ತಿ ಒಗೆಯುವುದನ್ನು ನೋಡಿ ಮುದುಕನ ಕಣ್ಣು ತುಂಬಿ ಬಂದಿತ್ತು.

ಈಗ ಅದೇ ಗೊಂಬೆಯನ್ನು ಮನೆ ಮಾಲೀಕರ ಮಗ ಮೈಲಾರೇಶ್ ಮತ್ತೊಮ್ಮೆ ಕೆಡವಿ ಸೋಫಾದ ಮೇಲೆ ಕುಣಿಯುತ್ತಿದ್ದ. ಪ್ರತಿ ಭಾನುವಾರ ಬೆಳಿಗ್ಗೆ ಮೇಲಿನ ಮನೆಯಿಂದ ಇಳಿದು ಬಂದು ಆಡುವುದು ಅವನ ರೂಢಿ. ಗೆಲ್ಲುವ ಹೊತ್ತಿಗೆ ಸರಿಯಾಗಿ ಮಗನ ಆಟ ಸಡಿಲವಾಗುವುದನ್ನು ಉಚ್ಚಂಗೆಪ್ಪ ಆಗಿನಿಂದ ನೋಡುತ್ತಲೇ ಇದ್ದ.

"ನಿನ್ನೆ ಅಷ್ಟು ಚಲೋ ಆಡಿದ್ಯಲ್ಲಲೇ?" ಚಹಾ ತರಲು ಎದ್ದ ಮಗನನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದ.

"ಸುಮ್ನಿರಪ್ಪಾ. ಹೋದ ತಿಂಗಳು ಒಂದ್ಸಲ ಗೆದ್ದಿದ್ದೆ. ಮರುದಿನ ನಳದಾಗ ನೀರಿಲ್ಲ. ಮೋಟ್ರು ಕೆಟ್ಟೈತಿ ಅಂದ್ರು. ಮ್ಯಾಲ ಅವರ ಮನ್ಯಾಗ ವಾಷಿಂಗ್ ಮಷಿನ್ ತಿರುಗಾಕತ್ತಿತ್ತು."

ಬ್ಯಾಂಕಿನ ಕೆಲಸವಿದ್ದರೂ ಕೊಟ್ಟೂರಿನಲ್ಲಿ ಒಂದು ಬಾಡಿಗೆ ಮನೆಗಾಗಿ ಕ್ರಾಂತಿಕುಮಾರ ಚಪ್ಪಲಿ ಸವೆಸಿದ್ದ. ಎಲ್ಲ ಒಪ್ಪಿಯಾದ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು: ನಿಮ್ಮದು ಯಾವ ಮಂದಿ? ಹೇಳಿದ ಕೂಡಲೇ, ಬೀಗ ಜಡಿದು ಜೇಡ ಕಟ್ಟಿದ ಮನೆಗೂ ಯಾರೋ ಆಗಲೇ ಮುಂಗಡ ಕೊಟ್ಟುಬಿಟ್ಟಿರುತ್ತಿದ್ದರು. ಈ ಮಾಲೀಕರು ಮಾತ್ರ ಕೇಳಲಿಲ್ಲ. ಕೇಳದೆಯೇ ತಿಳಿದುಕೊಂಡರು ಅಂದರೂ ಸರಿ. ಈಗ ಹೆಂಡತಿ ರೇಖಾ ತುಂಬು ಬಸುರಿ. ಇನ್ನೊಂದು ಮನೆ ಹುಡುಕುವ ಮಾತೇ ಇರಲಿಲ್ಲ.

ಇನ್ನೂ ಕೇಳುವ ಬಾಯಿ ಉಚ್ಚಂಗೆಪ್ಪನಿಗೆಲ್ಲಿತ್ತು? ಕಾನಹೊಸಹಳ್ಳಿ ಕಡೆಯ ತನ್ನೂರಿನಲ್ಲಿ, ಕಾರಹುಣ್ಣಿಮೆಯ ಕುಸ್ತಿಯಲ್ಲಿ, ಗೌಡರ ಮಗನಿಗೆ ತಾನೇ ಬೆನ್ನು ಕೊಟ್ಟು ಬಿದ್ದವನು ಅವನು. ಗೆದ್ದರೆ ಕೇರಿಯ ಯಾರನ್ನೂ ಕೂಲಿಗೆ ಕರೆಯುವುದಿಲ್ಲ ಎಂದು ಮೊದಲೇ ಹೇಳಿ ಕಳಿಸಿದ್ದರು. ಕಾಲೇಜು ಓದುವಾಗ ಇದು ಕಿವಿಗೆ ಬಿದ್ದು ಕ್ರಾಂತಿಕುಮಾರ ಕೆಂಡಾಮಂಡಲವಾಗಿದ್ದ. "ಯಾಕ ಬಿದ್ದಿ? ಎಲ್ರೂ ಉಪಾಸ ಸತ್ತಿದ್ರೂ ಚಲೋ ಇತ್ತು" ಎಂದಿದ್ದ. ಆ ಮಾತು ಮುರಿದ ಮುಳ್ಳಿನಂತೆ ಮುದುಕನ ಎದೆಯಲ್ಲೇ ಉಳಿದಿತ್ತು.

"ಬಾರಪ್ಪ ಉಚ್ಚಂಗೆಪ್ಪ, ನೀನೂ ಒಂದ್ ಕೈ ನೋಡು. ಪೈಲ್ವಾನ ಇದ್ದ್ಯಂತಲ್ಲ?" ಮೈಲಾರೇಶ್ ಕರೆದ. ಅವನು ಕ್ರಾಂತಿಕುಮಾರನ ವಾರಿಗೆಯವನು. ಜಪಾನಿನ ಜಟ್ಟಿಗಳ ಹೆಸರು ಸಲೀಸಾಗಿ ಹೇಳುತ್ತಿದ್ದ ಅವನ ನಾಲಿಗೆ ಹಿರಿಯನೊಬ್ಬನಿಗೆ 'ನೀವು' ಎನ್ನಲು ಮಾತ್ರ ಹೊರಳುತ್ತಿರಲಿಲ್ಲ.

"ಬ್ಯಾಡ್ರಿ ಸಾವ್ಕಾರ್ರ, ನನಗೇನ್ ತಿಳೀತೈತಿ."

ಆದರೂ ಆಟದ ರಿಮೋಟು ಕೈಗೆ ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಗೊಂಬೆ ಅಂಗಾತ ಬಿತ್ತು. ಉಚ್ಚಂಗೆಪ್ಪ ರಿಮೋಟು ಕೆಳಗಿಟ್ಟು ಕೈ ಮುಗಿದ. "ಆತ್ರಿ. ಬೆನ್ನು ನೆಲಕ್ಕ ಹತ್ತಿತಲ್ರಿ."

ಮೈಲಾರೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದು ನಿಮ್ಮೂರ ಕುಸ್ತಿ ಅಲ್ಲೋ ಯಪ್ಪಾ! ಮೂರು ಎಣಿಸೋತನಕ ಏಳಬಹುದು. ಏಳು, ಏಳು!"

ಬೆನ್ನು ನೆಲಕ್ಕೆ ಹತ್ತಿದ ಮೇಲೂ ಏಳಬಹುದೆಂದು ಈ ವಯಸ್ಸಿನವರೆಗೆ ಉಚ್ಚಂಗೆಪ್ಪನಿಗೆ ಯಾರೂ ಹೇಳಿರಲಿಲ್ಲ. ರಿಮೋಟು ಎತ್ತಿಕೊಂಡು, ನಾಲಿಗೆ ಕಚ್ಚಿ ಹಿಡಿದು, ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದ. ಗೊಂಬೆ ಎದ್ದು ನಿಂತಿತು! ಒಂದು ಏಟು ಹಾಕಿತು, ಇನ್ನೊಂದು ಹಾಕಿತು. ಕ್ರಾಂತಿಕುಮಾರನೂ ಮೈಮರೆತು, "ದುಂಡಂದು ಒತ್ತಪ್ಪಾ, ಹಾಂ, ಹಂಗ!" ಎಂದು ಕೂಗಿದ. ಮೈಲಾರೇಶನ ಜಟ್ಟಿ ನೆಲ ಕಚ್ಚಿದ. ಅಪ್ಪ ಮಗ ಇಬ್ಬರೂ ಒಟ್ಟಿಗೆ ನಕ್ಕರು. ಹಾಗೆ ನಕ್ಕು ಎಷ್ಟೋ ವರ್ಷವಾಗಿತ್ತು.

ಮೈಲಾರೇಶ್ ನಗಲಿಲ್ಲ. ಎರಡು ಎಣಿಸುವಷ್ಟರಲ್ಲಿ ತನ್ನ ಜಟ್ಟಿಯನ್ನು ಎಬ್ಬಿಸಿ ನಿಲ್ಲಿಸಿದ. "ಅಂದಂಗ ಕ್ರಾಂತಿ," ಎಂದ, ಟಿವಿಯಿಂದ ಕಣ್ಣು ತೆಗೆಯದೆ, "ನಮ್ಮಪ್ಪ ಮನಿ ವಿಚಾರ ಏನೋ ಮಾತಾಡಬೇಕಂತಿದ್ದ ನಿನ್ನ ಜೋಡಿ."

ಕ್ರಾಂತಿಕುಮಾರ, ರೇಖಾ ಮಲಗಿದ್ದ ಕೋಣೆಯ ಕಡೆಗೊಮ್ಮೆ ನೋಡಿದ. ಆಮೇಲೆ ಅಪ್ಪನ ಕಿವಿಯ ಹತ್ತಿರ ಬಾಗಿದ.

"ಅಪ್ಪಾ... ಬಿದ್ದುಬಿಡು."

ಉಚ್ಚಂಗೆಪ್ಪನಿಗೆ ಮೈಯೆಲ್ಲ ಉರಿದು ಹೋಯಿತು. ರಿಮೋಟನ್ನು ಟಿವಿಗೇ ಒಗೆದು ಊರಿನ ಬಸ್ಸು ಹತ್ತಬೇಕೆನ್ನಿಸಿತು. ಆದರೆ ಮಗನ ಮುಖ ನೋಡಿ ರಿಮೋಟು ಹಿಡಿದೇ ಕೂತ. ಇವನಿಗೆ ಇಂಥ ದಿನ ಬರಬಾರದೆಂದೇ ಅಲ್ಲವೇ ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ್ದು.

"ಬೀಳಾಕ ಯಾವ ಗುಂಡಿ ಒತ್ತಬೇಕೋ ತಮ್ಮಾ?" ಮೆಲ್ಲಗೆ ಕೇಳಿದ.

ಕ್ರಾಂತಿಕುಮಾರ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಗುಂಡಿಗಳ ಮೇಲಿಂದ ಬಿಡಿಸಿದ.

"ಯಾವುದೂ ಬ್ಯಾಡ. ಸುಮ್ನ ಕೂತ್ರ ಸಾಕು."