ಇದ್ದೀಯಾ?

ಊಟ ಮುಗೀತಿದ್ದ ಹಾಗೇ ನಚಿಕೇತನ ಲ್ಯಾಪ್‌ಟಾಪ್ ಟಿಣ್ ಅಂತು. ಶ್ವೇತಾಳ ಸರ್ವರ್ ಮತ್ತೆ ಬಿದ್ದಿದೆ, ಬುಕಿಂಗ್ ನಿಂತಿದೆ. ಅವನು ತಲೆ ತಗ್ಗಿಸ್ಕೊಂಡು ಮೊಸರನ್ನದ ಡಬ್ಬಿ ಮುಚ್ಚಿದ, ನಗು ಯಾರಿಗೂ ಕಾಣಬಾರದಲ್ಲ.

ಆ ಟಿಣ್ ಅವನೇ ಮಾಡ್ಕೊಂಡಿದ್ದು. ಮನೆಗೇ ಬಂದು ರಕ್ತ ತಗೊಂಡು ಹೋಗೋ ಲ್ಯಾಬಿನ ಬುಕಿಂಗ್ ಎಲ್ಲಾ ಜೆ.ಪಿ. ನಗರದ ಈ ಆಫೀಸಲ್ಲಿ ಅವನು ಬರೆದ ಸರ್ವರ್ ಮೇಲೇ ನಾಲ್ಕು ವರ್ಷ ನಡೀತಿತ್ತು. ಅದಕ್ಕೆ ಬಾಸ್ ಮಹೇಶ್ ಸಾರ್ ಕೊಟ್ಟಿದ್ದು ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ಆಗೊಂದು ಈಗೊಂದು ಥಂಬ್ಸ್ ಅಪ್. ಗದಗಿಂದ ಬಂದು ಬಿಟಿಎಂನಲ್ಲಿ ಪಿಜಿ ಹಿಡಿದಿದ್ದ ಶ್ವೇತಾ ಎರಡೇ ತಿಂಗಳಲ್ಲಿ ಹೊಸದು ಬರೆದು ತೋರಿಸಿದಾಗ ಸಾರ್ ಎದ್ದು ನಿಂತು ಸಖತ್ ಅಂದ್ರು. ಎದ್ದು ನಿಂತು. ಈ ಸೋಮವಾರ ಹಳೇದನ್ನ ತೆಗೆದು ಅವಳದ್ದನ್ನೇ ಹಾಕಿದ್ರು. ಅವತ್ತೇ ನಚಿಕೇತ ಐದು ನಿಮಿಷದಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಗೀಚಿ ಲ್ಯಾಪ್‌ಟಾಪಲ್ಲಿ ಓಡೋಕೆ ಬಿಟ್ಟ. ಹತ್ತು ಸೆಕೆಂಡಿಗೊಂದ್ಸಲ ಅದು ಅವಳ ಸರ್ವರನ್ನ ಇದ್ದೀಯಾ ಅಂತ ಕೇಳತ್ತೆ. ಇದ್ದೀನಿ ಅಂತ ಉತ್ತರ ಬರ್ಲಿಲ್ಲಾಂದ್ರೆ ಟಿಣ್. ಅವಳದ್ದು ಬಿದ್ರೆ ಮೊದಲು ತನಗೇ ಗೊತ್ತಾಗ್ಬೇಕು, ಅಷ್ಟೇ.

ಈ ವಾರ ಗುರುವಾರ ಒಂದು ಬಿಟ್ರೆ ದಿನಾ ಮಧ್ಯಾಹ್ನ ಬಿದ್ದಿದೆ. ಊಟ ಆದ್ಮೇಲಿನ ಶುಗರ್ ಟೆಸ್ಟಿಗೆ ಕಾಯ್ಕೊಂಡು ಕೂತ ಜಯನಗರದ ಅಂಕಲ್‌ಗಳು ಫೋನ್ ಮಾಡಿ ಬೈತಿದ್ದಾರೆ. ಸಂಜೆಯೊಳಗೆ ಕಾರಣ ಸಿಗ್ಲಿಲ್ಲಾಂದ್ರೆ ನಚಿಕೇತನ ಹಳೇದನ್ನೇ ವಾಪಸ್ ಹಾಕ್ತೀವಿ ಅಂತ ಸಾರ್ ಬೆಳಿಗ್ಗೆನೇ ಹೇಳಿಬಿಟ್ಟಿದ್ರು.

ನಚಿಕೇತ ಕುರ್ಚಿ ಎಳ್ಕೊಂಡು ಹೋಗಿ ಅವಳ ಪಕ್ಕ ಕೂತ. ಹೆಲ್ಪ್ ಮಾಡೋಕೆ ಅಂದ. ಅವಳು ಸೋಲೋದನ್ನ ಹತ್ತಿರದಿಂದ ನೋಡ್ಬೇಕಿತ್ತು.

"ಲೋಡ್ ಜಾಸ್ತಿ ಆಗಿರತ್ತೆ ಕಣ್ರೀ. ನಿಮ್ಮದು ತಡ್ಕೊಳ್ಳಲ್ಲ."

"ಲೋಡ್ ಏನಿಲ್ರಿ," ಅಂದಳು ಶ್ವೇತಾ, ಸ್ಕ್ರೀನಿಂದ ಕಣ್ಣು ತೆಗೀದೆ. "ಸರ್ವರಿಗೆ ಬರೋ ಲೈನ್ ಎಲ್ಲಾ ತುಂಬ್ಯಾವ, ಫೋನ್ ಲೈನ್ ಇದ್ದಂಗ. ಯಾರೋ ಫೋನ್ ಮಾಡ್ತಾರ, ಮಾತು ಮುಗೀತೈತಿ, ಆದ್ರ ಇಡಂಗಿಲ್ಲ. ಇನ್ನೊಂದು ಲೈನಿಂದ ಮತ್ತ ಮಾಡ್ತಾರ. ಹೊಸಬ್ರಿಗೆ ಒಂದು ಲೈನೂ ಉಳದಿಲ್ಲ."

ಗುರುವಾರ ಯಾಕೆ ಬೀಳ್ಲಿಲ್ಲ ಅನ್ನೋದೇ ತಲೆ ತಿಂತಿದೆ ಅಂತಲೂ ಅಂದಳು. ಗುರುವಾರ ನಚಿಕೇತ ಅಕ್ಕನ ಮಗುವಿನ ನಾಮಕರಣಕ್ಕೆ ಬನಶಂಕರಿಗೆ ಹೋಗಿದ್ದ, ಲ್ಯಾಪ್‌ಟಾಪ್ ತೆಗೆದೇ ಇರ್ಲಿಲ್ಲ. ಆಗ್ಲೂ ಅವನಿಗೆ ಹೊಳೀಲಿಲ್ಲ.

ಯಾವ ಮಶೀನು ಲೈನ್ ಹಿಡ್ಕೊಂಡು ಕೂತಿದೆ ಅಂತ ನೋಡೋಕೆ ಅವಳು ಕಮಾಂಡ್ ಕೊಟ್ಟಳು. ಸ್ಕ್ರೀನ್ ತುಂಬಾ ಹತ್ತು ಸೆಕೆಂಡಿಗೊಂದರಂತೆ ಒಂದೇ ಹೆಸರು ಸುರೀತು. ಖಾಲಿದೋಸೆ, ಖಾಲಿದೋಸೆ, ಖಾಲಿದೋಸೆ.

ಆ ಆಫೀಸಲ್ಲಿ ಎಲ್ಲರ ಲ್ಯಾಪ್‌ಟಾಪಿಗೂ ತಿಂಡಿ ಹೆಸರು. ಶ್ವೇತಾಂದು ಮಿರ್ಚಿ, ಮಹೇಶ್ ಸಾರ್‌ದು ಉದ್ದಿನವಡೆ. ಆ ಪದ್ಧತಿ ಶುರು ಮಾಡಿದ್ದೇ ನಚಿಕೇತ, ಖಾಲಿದೋಸೆ ಅಂತ ತನ್ನದಕ್ಕೆ ಹೆಸರಿಟ್ಟು. ಅವನ ಕಿವಿ ಬಿಸಿಯಾಯ್ತು. ಗೀಚೋ ಆತುರದಲ್ಲಿ ಕೇಳೋದನ್ನ ಬರೆದಿದ್ದ, ಕೇಳಿ ಆದ್ಮೇಲೆ ಫೋನ್ ಇಡೋದನ್ನ ಬರೆದೇ ಇರ್ಲಿಲ್ಲ. ಬೆಳಿಗ್ಗೆಯಿಂದ ಒಂದೊಂದೇ ಸೇರಿ ಮಧ್ಯಾಹ್ನದ ಹೊತ್ತಿಗೆ ಲೈನ್ ಎಲ್ಲಾ ತುಂಬ್ತಿದ್ದವು.

ಸಿಕ್ತಾ ಅಂತ ಮಹೇಶ್ ಸಾರ್ ಆ ಕಡೆಯಿಂದ ಕೇಳಿದ್ರು. ಸಿಕ್ತ್ರಿ ಸಾರ್, ಹತ್ತು ನಿಮಿಷ ಅಂದಳು ಶ್ವೇತಾ, ಖಾಲಿದೋಸೆ ಹೆಸರು ಎತ್ತದೆ.

"ಈಗ್ಲೇ ನಿಲ್ಲಿಸ್ತೀನಿ," ಅಂದ ನಚಿಕೇತ, ಮೆಲ್ಲಗೆ.

"ನಿಲ್ಲಸಬ್ಯಾಡ್ರಿ. ಕೇಳಿದ ಮ್ಯಾಲೆ ಫೋನ್ ಇಡೋದು ಕಲಸ್ರಿ ಅದಕ್ಕ, ಸಾಕು. ಹತ್ತು ಸೆಕೆಂಡಿಗೊಮ್ಮೆ ನನ್ನ ನೆನಸೋರು ನಮ್ಮೂರಾಗೂ ಯಾರಿಲ್ಲ."

ಅವನು ಒಂದು ಸಾಲು ಸೇರಿಸಿದ. ಲೈನುಗಳೆಲ್ಲಾ ಬಿಟ್ಟುಕೊಂಡವು. ಸಂಜೆ ಸಾರ್ ಮತ್ತೆ ಎದ್ದು ನಿಂತು ಅವಳಿಗೆ ಸಖತ್ ಅಂದ್ರು, ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಚಿಕೇತನೂ ತಟ್ಟಿದ, ಆದ್ರೆ ಮೆತ್ತಗೆ. ಚಪ್ಪಾಳೆ ಮಧ್ಯೆ ಖಾಲಿದೋಸೆ ಟಿಣ್ ಅಂದ್ರೆ ಕೇಳಿಸ್ಬೇಕಲ್ಲ.